ವೃದ್ಧರಾದ ತಂದೆತಾಯಿಗಳನ್ನು ಆಶ್ರಮಕ್ಕೆ ಒಪ್ಪಿಸಬಹುದೋ?

ಓದತಕ್ಕ ವೇದಭಾಗಗಳು: ಮಾರ್ಕ 7:9-13, ಯೋಹಾನ 19:25-27, 1 ತಿಮೊಥೆಯ 5:3-16.

ಹೋದ ಸುಗ್ಗಿಯಲ್ಲಿ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ಸಹೋದರನು ನಮ್ಮನ್ನು ಒತ್ತಟ್ಟಿಗೆ ಕರೆದು, ತಗ್ಗಿದ ಸ್ವರದಿಂದ ಒಂದು ಪ್ರಶ್ನೆಯನ್ನು ಕೇಳಿದನು. ಅವನ ತಾಯಿಗೆ ಎಂಭತ್ತು ವರುಷ ದಾಟಿದೆ. ಮೂರು ವರುಷಗಳಿಂದ ಮರೆವಿನ ರೋಗವು ಹತ್ತಿಕೊಂಡಿದೆ. ನಡುರಾತ್ರಿಯಲ್ಲಿ ಎದ್ದು, ತವರುಮನೆಗೆ ಹೋಗುತ್ತೇನೆಂದು ಬಾಗಿಲು ತೆರೆದು ಹೊರಟುಬಿಡುವಳು. ಎರಡು ಸಾರಿ ಕೆರೆಯ ಏರಿಯ ಮೇಲೆ ಸಿಕ್ಕಿದಳು. ಅನ್ನವಿಕ್ಕುವ ಸೊಸೆಯನ್ನೇ ಕಳ್ಳಿ ಎಂದು ಬೈಯುವಳು. ಗಂಡಹೆಂಡಿರಿಬ್ಬರೂ ಕೂಲಿಗೆ ಹೋಗದಿದ್ದರೆ ಆ ಮನೆಯಲ್ಲಿ ಒಲೆ ಉರಿಯದು. ಪಟ್ಟಣದ ಒಂದು ಆಶ್ರಮಕ್ಕೆ ಆಕೆಯನ್ನು ಕಳುಹಿಸಿದರೆ ತಾನು ಐದನೆಯ ಆಜ್ಞೆಯನ್ನು ಮೀರಿದವನಾಗುವೆನೋ ಎಂಬದೇ ಅವನ ಪ್ರಶ್ನೆ. ನಾವು, "ಪ್ರಾರ್ಥಿಸೋಣ," ಎಂದಷ್ಟೇ ಹೇಳಿ ಅವನನ್ನು ಕಳುಹಿಸಿಬಿಟ್ಟೆವು. ಅದು ಉತ್ತರವಲ್ಲವೆಂದು ಆ ರಾತ್ರಿಯೇ ನಮಗೆ ತೋಚಿತು. ಆದಕಾರಣ ಈ ಪಾಠ.

ಮೊದಲು ಮಾರ್ಕನ ಸುವಾರ್ತೆಯ ಭಾಗವನ್ನು ನೋಡೋಣ. ಕೊರ್ಬಾನ್ ಎಂದರೆ ದೇವರಿಗೆ ಅರ್ಪಿತವಾದದ್ದು. ತನ್ನ ಸೊತ್ತನ್ನು ಹಾಗೆ ಹೆಸರಿಟ್ಟವನು ತಂದೆತಾಯಿಗೆ ಕೊಡಬೇಕಾದದ್ದನ್ನು ಕೊಡದೆ ತಪ್ಪಿಸಿಕೊಳ್ಳುತ್ತಿದ್ದನು. ಕರ್ತನು ಇದನ್ನೇ ಖಂಡಿಸಿದನು. ಇದರಿಂದ ತಿಳಿಯುವದೇನಂದರೆ, ಸನ್ಮಾನವೆಂಬದು ಬರಿಯ ನಮಸ್ಕಾರವಲ್ಲ. ಅನ್ನ, ಬಟ್ಟೆ, ಔಷಧ, ಪಕ್ಕದಲ್ಲಿ ಕೂತುಕೊಳ್ಳುವ ಹೊತ್ತು, ಇವೆಲ್ಲವೂ ಅದರಲ್ಲಿ ಸೇರಿವೆ. ಹೊಲವನ್ನು ಬರೆಸಿಕೊಂಡು ಮುದುಕರನ್ನು ಬೇರೆಯವರ ಬಾಗಿಲಿಗೆ ಅಟ್ಟುವವರು ನಮ್ಮೊಳಗೂ ಉಂಟು. ಅಂಥವರಿಗೆ ಆಶ್ರಮವೇ ಕೊರ್ಬಾನ್.

ಆದರೂ ಶಿಲುಬೆಯ ಹತ್ತಿರ ನಡೆದದ್ದನ್ನು ಗಮನಿಸಿರಿ. ಯೇಸುವಿಗೆ ಸಹೋದರರಿದ್ದರೆಂದು ಮಾರ್ಕ 6:3ರಲ್ಲಿ ಓದುತ್ತೇವೆ; ಹೀಗಿದ್ದರೂ ಆತನು ತನ್ನ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದನು. ಒಪ್ಪಿಸುವದೆಲ್ಲಾ ಕೈಬಿಡುವದಲ್ಲ. ಆದರೆ ಆತನು ಒಪ್ಪಿಸಿದ್ದು ತಾನು ಚೆನ್ನಾಗಿ ಬಲ್ಲವನಿಗೆ, ಆಕೆಯ ಎದುರಿಗೇ, ಆಕೆಗೆ ಹೇಳಿಯೇ. ಎರಡು ದಿವಸ ಆಸ್ಪತ್ರೆಗೆ ಹೋಗಿಬರೋಣವೆಂದು ಸುಳ್ಳು ಹೇಳಿ ಮುದುಕಿಯನ್ನು ಬಸ್ಸು ಹತ್ತಿಸುವವರಿಗೆ ಈ ವಚನವು ಆಶ್ರಯವಾಗಲಾರದು.

ಇನ್ನು ಪೌಲನ ಪತ್ರಿಕೆ. ಸ್ವಂತ ಮನೆಯವರನ್ನು ಸಂರಕ್ಷಿಸದವನ ವಿಷಯವಾಗಿ ಹೇಳಿರುವ 8ನೆಯ ವಚನವು ನಮ್ಮ ಸಭೆಗಳಲ್ಲಿ ಬಹಳ ಪ್ರಸಿದ್ಧ. ಸೊಸೆಯಂದಿರ ಮುಂದೆ ಅದನ್ನು ಎತ್ತಿ ಆಡದ ಹಿರಿಯರೇ ಕಡಿಮೆ. ಆದರೆ ಮಕ್ಕಳೂ ಮೊಮ್ಮಕ್ಕಳೂ ಎಲ್ಲರೂ ಈ ಕರ್ತವ್ಯವನ್ನು ಕಲಿಯಬೇಕೆಂದು 4ನೆಯ ವಚನದಲ್ಲಿ ಉಂಟು. ದಿಕ್ಕಿಲ್ಲದವರ ಭಾರವು ಸಭೆಯದೆಂದು 16ನೆಯದರಲ್ಲಿ ಉಂಟು. ಒಬ್ಬಳೇ ಹೆಂಗಸಿನ ಬೆನ್ನಿನ ಮೇಲೆ ಎಲ್ಲವನ್ನೂ ಹೊರಿಸಿ, ಪುಸ್ತಕವನ್ನು ಮುಚ್ಚುವದು ನ್ಯಾಯವಲ್ಲ.

ತೀರ್ಮಾನಕ್ಕೆ ಮುಂಚೆ ವೈದ್ಯರಿಗೆ ತೋರಿಸಬೇಕು. ಮರೆವೆಲ್ಲವೂ ಗುಣವಾಗದ ರೋಗವಲ್ಲ. ಥೈರಾಯ್ಡ್ ಕೊರತೆ, ಬಿ12 ಎಂಬ ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳು ಇವುಗಳಿಂದಲೂ ಮರೆವು ಬರುವದುಂಟು, ಅವುಗಳಿಗೆ ಚಿಕಿತ್ಸೆ ಇದೆ. ಒಂದೆರಡು ದಿನಗಳಲ್ಲೇ ಹಠಾತ್ತಾಗಿ ಬುದ್ಧಿ ಕಲಕಿದರೆ ಮೂತ್ರದ ಸೋಂಕೋ ಜ್ವರವೋ ಇರಬಹುದು. ನಿಜವಾದ ಮರೆವಿನ ರೋಗವನ್ನು ವಾಸಿಮಾಡುವ ಔಷಧವು ಇಂದಿಗೂ ಇಲ್ಲ. ಆಗ ಬೈಯುವದು ತಾಯಿಯಲ್ಲ, ರೋಗ. ಆಕೆಯೊಂದಿಗೆ ವಾದಿಸದೆ ಮಾತನ್ನು ಬೇರೆಡೆಗೆ ತಿರುಗಿಸುವದು ಲೇಸು. ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿ ಚಿಲಕ, ಬಾಗಿಲಿಗೆ ಒಂದು ಗಂಟೆ, ರವಿಕೆಯ ಒಳಗೆ ಹೊಲಿದ ಹೆಸರು ಮತ್ತು ಫೋನ್ ಸಂಖ್ಯೆ, ಇಷ್ಟರಿಂದಲೇ ಅನೇಕ ಮನೆಗಳಿಗೆ ನಿದ್ರೆ ಬಂದಿದೆ. ಹಾಸಿಗೆ ಹಿಡಿದವರನ್ನಾದರೋ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಬೆನ್ನು ಹುಣ್ಣಾಗುವದು. ಹಗಲೂ ರಾತ್ರಿಯೂ ಇದನ್ನು ಮಾಡಲು ಮನೆಯಲ್ಲಿ ಕೈಗಳಿಲ್ಲದಿದ್ದರೆ, ಮನೆಯಲ್ಲಿಟ್ಟುಕೊಳ್ಳುವದೇ ಪ್ರೀತಿಯೆಂದು ನಾವು ಹೇಳಲಾರೆವು.

ಆಶ್ರಮವೇ ಬೇಕಾದರೆ, ಮುಂಚಿತವಾಗಿ ತಿಳಿಸದೆ ಊಟದ ಹೊತ್ತಿಗೆ ಹೋಗಿ ನೋಡಿರಿ. ಕೋಣೆಯ ವಾಸನೆಯೇ ಅರ್ಧ ಸಂಗತಿಯನ್ನು ಹೇಳುವದು. ಯಾರನ್ನಾದರೂ ಮಂಚಕ್ಕೆ ಕಟ್ಟಿದ್ದಾರೋ, ರಾತ್ರಿ ಯಾರು ಎಚ್ಚರವಿರುವರು, ಬೇಕಾದಾಗ ಬಂದು ನೋಡಬಹುದೋ ಎಂದು ವಿಚಾರಿಸಿರಿ. ತಾವಾಗಿ ನಡೆದಾಡಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುವ ಆಶ್ರಮಗಳು ಬಹಳ. ಆದದರಿಂದ ರೋಗವು ಹೆಚ್ಚಿದರೆ ಏನು ಮಾಡುವರೆಂಬದನ್ನು ಮೊದಲೇ ಕೇಳಬೇಕು.

ಸರಕಾರದ ಕಾನೂನನ್ನೂ ಅರಿತಿರಬೇಕು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ ಪ್ರಕಾರ, ತಮ್ಮನ್ನು ತಾವು ಸಾಕಿಕೊಳ್ಳಲಾರದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. ನೋಡಿಕೊಳ್ಳುವೆನೆಂಬ ಕರಾರಿನ ಮೇಲೆ ಆಸ್ತಿಯನ್ನು ಬರೆಸಿಕೊಂಡು ಕೈಬಿಟ್ಟರೆ, ಆ ಪತ್ರವು ರದ್ದಾಗಬಹುದು. ಅರವತ್ತು ದಾಟಿದವರನ್ನು ನೋಡಿಕೊಳ್ಳಬೇಕಾದವರೇ ಎಲ್ಲಿಯಾದರೂ ಬಿಟ್ಟು ಹೋದರೆ ಮೂರು ತಿಂಗಳ ವರೆಗೆ ಸೆರೆ ಉಂಟು. ಹಿರಿಯರಿಗಾಗಿ 14567 ಎಂಬ ಸಹಾಯವಾಣಿಯೂ ಇದೆ.

ಆ ಸಹೋದರನ ಸಂಗತಿ ಏನಾಯಿತೆಂದು ನೀವು ಕೇಳಬಹುದು. ನಾವು ಅವನ ಮನೆಗೆ ಹೋದೆವು. ಹೋಗಬೇಕಾದದ್ದು ಮೂರು ವರುಷಗಳ ಹಿಂದೆಯೇ. ಸೊಸೆಯು ನಮಗೆ ಚಾಪೆ ಹಾಸಿ, ಒಂದು ಮಾತನ್ನೂ ಆಡದೆ, ಗೋಡೆಗೆ ಒರಗಿ ಅಳುತ್ತಾ ಕೂತಳು. ಬೆಂಗಳೂರಿನಲ್ಲಿರುವ ತಮ್ಮನನ್ನು ಕರೆಯಿಸಲಾಗಿ, ಅವನು ತಿಂಗಳಿಗೆ ಇಷ್ಟು ಹಣವೆಂದು ಒಪ್ಪಿಕೊಂಡನು. ಸಭೆಯ ಸ್ತ್ರೀಯರಲ್ಲಿ ನಾಲ್ವರು ಕೂಲಿಯ ದಿನಗಳಲ್ಲಿ ಸರದಿಯಂತೆ ಮುದುಕಿಯ ಬಳಿ ಕೂತುಕೊಳ್ಳುತ್ತಾರೆ. ಅವರ ಹೆಸರುಗಳು ಆಕೆಗೆ ನೆನಪಿರುವದಿಲ್ಲ. ಹಳೆಯ ಕೀರ್ತನೆಯನ್ನು ಎತ್ತಿಕೊಟ್ಟರೆ ಮಾತ್ರ ಕಡೆಯ ವರೆಗೆ ಹಾಡುತ್ತಾಳೆ. ಪಟ್ಟಣದ ಆಶ್ರಮವನ್ನೂ ಅಣ್ಣತಮ್ಮಂದಿರು ಹೋಗಿ ನೋಡಿಕೊಂಡು ಬಂದಿದ್ದಾರೆ. ಮಳೆಗಾಲ ಕಳೆದ ಮೇಲೆ, ಸೊಸೆಯನ್ನೂ ಕೂರಿಸಿಕೊಂಡು, ಮತ್ತೊಮ್ಮೆ ಯೋಚಿಸುವದಾಗಿ ಹೇಳಿದ್ದಾರೆ.