ಬ್ಯಾಟರಿ ಕೊಳ್ಳುವ ಶಿಕಾರಿಪುರ, ಸೊರಬದವರಿಗೆ ಖಡಕ್ ಸೂಚನೆ

ಮನೆಯಲ್ಲಿ ಆಗಲೇ ನಾಲ್ಕು ಬ್ಯಾಟರಿ ಇದ್ದೂ ಐದನೆಯದಕ್ಕೆ ಕೈಹಾಕುವವರಿಗಾಗಿ ಈ ಸೂಚನೆ. ಶಿರಾಳಕೊಪ್ಪದ ಅಂಗಡಿಯಲ್ಲಿ ಕೊಂಡರೂ ಅಷ್ಟೆ, ಮೊಬೈಲಿನಲ್ಲಿ ಒತ್ತಿ ಆನವಟ್ಟಿಗೆ ತರಿಸಿಕೊಂಡರೂ ಅಷ್ಟೆ. ಇಲ್ಲಿ ಬ್ಯಾಟರಿ ಎಂದರೆ ಟಾರ್ಚು, ಒಳಗೆ ಹಾಕುವುದು ಸೆಲ್ಲು. ಒಂದೇ ಬ್ಯಾಟರಿ ಇಟ್ಟುಕೊಂಡು ನೆಮ್ಮದಿಯಾಗಿರುವವರು ಇದನ್ನು ಓದುವ ಅಗತ್ಯವಿಲ್ಲ. ಓದಿದರೆ ಕೆಡುವ ಸಂಭವವೇ ಹೆಚ್ಚು.

ಮಾಡಬೇಕಾದ್ದು

ಕಾರಣ ಮೊದಲು, ದುಡ್ಡು ಆಮೇಲೆ. ಮನೆಯವರಿಗೆ ಹೇಳುವ ಕಾರಣವಲ್ಲ, ನಿಜವಾದದ್ದು. ನಮ್ಮ ಎರಡು ತಾಲ್ಲೂಕುಗಳಲ್ಲಿ ಒಪ್ಪತಕ್ಕ ಮುಖ್ಯ ಕಾರಣಗಳು ನಾಲ್ಕು: ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಮೋಟರ್ ಹಾಕಲು ತೋಟಕ್ಕೆ ಹೋಗುವುದು, ಹಾವು, ಉಣುಗು, ಕಲ್ಲಿನ ಶಾಸನ. ಆಸೆಯೂ ಒಂದು ಕಾರಣವೇ. ಆದರೆ ಅದನ್ನು ಆಸೆ ಎಂದೇ ಒಪ್ಪಿಕೊಳ್ಳಿ, ಹಾವಿನ ತಲೆಗೆ ಕಟ್ಟಬೇಡಿ. ಕಾರಣ ಗೊತ್ತಾದರೆ ಎಂಥದ್ದು ಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ತೋಟದ ಹಾದಿಗೆ ಹರಡಿದ ಬೆಳಕು ಬೇಕು. ಜೋಳದ ಹೊಲಕ್ಕೆ ಹಂದಿ ನುಗ್ಗಿದೆಯೇ ಎಂದು ಅಟ್ಟಣೆಯ ಮೇಲಿಂದ ನೋಡಲು ದೂರ ಹೋಗುವ ಸಣ್ಣ ಕಿಂಡಿಯ ಬೆಳಕು ಬೇಕು. ಎರಡನ್ನೂ ಒಂದೇ ಬ್ಯಾಟರಿ ಮಾಡುತ್ತದೆ ಎಂದು ಅಂಗಡಿಯವನು ಹೇಳಿದರೆ ನಕ್ಕು ಸುಮ್ಮನಾಗಿ.

ಡಬ್ಬಿಯ ಮೇಲಿನ ಅಂಕಿಗಳನ್ನು ಅರ್ಥ ಮಾಡಿಕೊಂಡು ಓದಿ. ಲುಮೆನ್ ಎಂದರೆ ಒಟ್ಟು ಬೆಳಕು, ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ. ಅಮೆರಿಕದಲ್ಲಿ 2009ರಲ್ಲಿ ಬಂದ ಎಫ್‌ಎಲ್-1 ಎಂಬ ಮಾನದಂಡವನ್ನು ಒಳ್ಳೆಯ ಕಂಪನಿಗಳು ಪಾಲಿಸುತ್ತವೆ. ಅದರ ಪ್ರಕಾರ ಬೆಳಕು ಹೋಗುವ ದೂರವೆಂದರೆ ಬೆಳಕು 0.25 ಲಕ್ಸಿಗೆ, ಅಂದರೆ ಹುಣ್ಣಿಮೆಯ ಬೆಳದಿಂಗಳಿನ ಮಟ್ಟಕ್ಕೆ ಇಳಿಯುವ ಜಾಗ. 10,000 ಕ್ಯಾಂಡೆಲಾದ ಬ್ಯಾಟರಿಯ ಡಬ್ಬಿಯ ಮೇಲೆ 200 ಮೀಟರ್ ಎಂದಿರುತ್ತದೆ. ಅಲ್ಲಿ ಏನೋ ನಿಂತಿದೆ ಎನ್ನಬಹುದೇ ಹೊರತು ದನವೋ ಹಂದಿಯೋ ಹೇಳಲಾಗದು. ಕಾಗದದ ಮೇಲಿನ ದೂರವನ್ನು ಅರ್ಧ ಮಾಡಿ, ಅದೇ ನಿಮ್ಮದು. ಎಷ್ಟು ಗಂಟೆ ಉರಿಯುತ್ತದೆ ಎಂಬ ಲೆಕ್ಕವೂ ಹೀಗೆಯೇ: ಬೆಳಕು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯವದು. ಎಫ್‌ಎಲ್-1ರ ಹೆಸರೇ ಇಲ್ಲದೆ ಐದು ಕಿಲೋಮೀಟರ್ ಎಂದು ಅಚ್ಚು ಹಾಕಿದ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.

ಅಂಗಡಿಯಲ್ಲೇ ಅಂಗೈ ನೋಡಿಕೊಳ್ಳಿ. ಬ್ಯಾಟರಿ ಹೊತ್ತಿಸಿ ಅಂಗೈಗೆ ಬಿಡಿ. ಚರ್ಮದ ಕೆಂಪು ಕೆಂಪಾಗಿಯೇ ಕಂಡರೆ ಒಳ್ಳೆಯ ಎಲ್‌ಇಡಿ. ಕೈ ಬೂದಿ ಬಣ್ಣಕ್ಕೆ ತಿರುಗಿ ನೀಲಿ ಛಾಯೆ ಬಂದರೆ ಬೇಡ. ಇದು ಶೋಕಿಯ ಮಾತಲ್ಲ. ಅಡಿಕೆ ಬೇಯಿಸುವ ಹಂಡೆಯ ಮುಂದೆ ರಾತ್ರಿ ನಿಂತವರಿಗೆ ಗೊತ್ತು, ನೀಲಿ ಬೆಳಕಿನಲ್ಲಿ ಚೊಗರಿನ ಕೆಂಪು ಕಪ್ಪಾಗಿ ಕಾಣುತ್ತದೆ. ಆ ಬಣ್ಣ ನಂಬಿ ಹಂಡೆ ಇಳಿಸಿದರೆ ಬೆಳಿಗ್ಗೆ ಅಂಗಳದಲ್ಲಿ ಬೇರೆಯೇ ಅಡಿಕೆ ಒಣಗುತ್ತಿರುತ್ತದೆ. ಇಂಥದೇ ಬೆಳಕಿನಲ್ಲಿ ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲವೂ ತರಗೆಲೆಯಾಗಿಯೇ ಕಾಣುತ್ತದೆ.

ಹಾವಿಗಾಗಿ ಕೊಂಡಿದ್ದರೆ ಬೆಳಕನ್ನು ನೆಲಕ್ಕೆ ಬಿಡಿ, ಎರಡು ಮೂರು ಮೀಟರ್ ಮುಂದಕ್ಕೆ. ದೂರದ ಮರದ ತುದಿ ನೋಡುತ್ತ ನಡೆಯುವವನ ಕಾಲ ಬುಡದಲ್ಲೇ ಹಾವಿರುತ್ತದೆ. ಬೆಳಕು ಬಿಟ್ಟರೆ ಹಾವಿನ ಕಣ್ಣು ಹೊಳೆಯುತ್ತದೆ ಎಂಬ ನಂಬಿಕೆಯನ್ನು ಇವತ್ತೇ ಬಿಡಿ. ಬೆಕ್ಕು, ಜಿಂಕೆ, ಕೆಲವು ಜೇಡಗಳ ಕಣ್ಣು ಹೊಳೆಯುತ್ತವೆ, ಏಕೆಂದರೆ ಬೆಳಕನ್ನು ಹಿಂದಕ್ಕೆ ಎಸೆಯುವ ಪೊರೆ ಅವುಗಳ ಕಣ್ಣಿನಲ್ಲಿದೆ. ಹಾವಿಗೆ ಅದಿಲ್ಲ. ಹೊಳಪಿಗಾಗಿ ಕಾದು ಕೂತರೆ ಕಟ್ಟುಹಾವು ದಾಟಿ ಹೋಗಿರುತ್ತದೆ. ಈ ಕಟ್ಟುಹಾವು ರಾತ್ರಿಯದು, ಮನೆಯೊಳಗೂ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಡಿದರೆ ನೋವೂ ಗೊತ್ತಾಗದೆ ಹೋಗಬಹುದು. ಆದ್ದರಿಂದ ಒಂದು ಸಣ್ಣ ಬ್ಯಾಟರಿ ತಲೆದಿಂಬಿನ ಪಕ್ಕ ಇರಲಿ. ಅದು ಮನೆಯಲ್ಲಿರುವ ಅತಿ ದುಬಾರಿಯದ್ದೇ ಆಗಬೇಕಿಲ್ಲ. ಕೈಗೆ ಸಿಗಬೇಕು, ಒತ್ತಿದ ತಕ್ಷಣ ಹೊತ್ತಬೇಕು. ಕಡಿತವಾದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಯಾವುದೂ ಬೇಡ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಮಾಡಿದೆ, ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು.

ಉಣುಗಿಗಾಗಿ ಕೊಂಡಿದ್ದೇನೆ ಎನ್ನುವವರನ್ನು ಕಂಡರೆ ನನಗೆ ವಿಶೇಷ ಗೌರವ. ಮಂಗನ ಕಾಯಿಲೆಗೆ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಇರುವ ಹೆಸರು ಸೊರಬ ತಾಲ್ಲೂಕಿನ ಕ್ಯಾಸನೂರಿನದು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ರೋಗ ಪತ್ತೆಯಾಯಿತು. ಅದನ್ನು ಹರಡುವ ಉಣುಗಿನ ಮರಿ ಗಸಗಸೆ ಕಾಳಿನಷ್ಟಿರುತ್ತದೆ. ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳಲ್ಲಿ ಸೌದೆಗೋ ತರಗೆಲೆಗೋ ಕಾಡಿಗೆ ಹೋಗಿ ಬಂದವರು ಬಚ್ಚಲಿಗೆ ಹೋಗುವ ಮುನ್ನ ಬ್ಯಾಟರಿ ಹಿಡಿದು ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಜಾಗ, ಕಂಕುಳು, ಕಿವಿಯ ಹಿಂದೆ ನೋಡಬೇಕು. ಬೆಳಕನ್ನು ಚರ್ಮಕ್ಕೆ ನೇರವಾಗಿ ಬಿಡದೆ ಅಡ್ಡಲಾಗಿ ಬಿಡಿ, ಚುಕ್ಕೆಗೆ ನೆರಳು ಬೀಳುತ್ತದೆ. ನೆರಳು ಬಿದ್ದರೆ ಅದನ್ನು ಮಚ್ಚೆ ಎಂದು ಬಿಡಬೇಡಿ. ಬೆನ್ನು ನೋಡಲು ಇನ್ನೊಬ್ಬರು ಬೇಕು, ಸಂಕೋಚ ಬೇಡ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಬೆಳಕು ಬಿಟ್ಟು ನೋಡುತ್ತ ನಿಲ್ಲದೆ ಆರೋಗ್ಯ ಇಲಾಖೆಗೆ ತಿಳಿಸಿ.

ಶಾಸನ ಓದುವವರು ಸಣ್ಣ ಬ್ಯಾಟರಿಯನ್ನೇ ಕೊಳ್ಳಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರ ತಾಲ್ಲೂಕಿನ ಶಾಸನಗಳೂ 8ನೆಯದರಲ್ಲಿ (1904) ಸೊರಬದವೂ ಇವೆ. ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಕೆರೆ ಏರಿಯ ಮೇಲಿನ ವೀರಗಲ್ಲೂ ಮಾತಾಡುತ್ತದೆ. ಮುಖಾಮುಖಿ ಬೆಳಕು ಬಿಟ್ಟರೆ ಸವೆದ ಅಕ್ಷರ ಮಾಯವಾಗುತ್ತದೆ. ಬ್ಯಾಟರಿಯನ್ನು ಕಲ್ಲಿನ ಅಂಚಿಗೆ ತಾಗಿಸುವಷ್ಟು ಹತ್ತಿರ ಹಿಡಿದು ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವಂತೆ ಮಾಡಿ. ಪ್ರತಿ ಗೀರಿನ ಒಂದು ಬದಿ ಬೆಳಗಿ ಇನ್ನೊಂದು ಬದಿ ನೆರಳಾಗುತ್ತದೆ, ಸಾಲು ಎದ್ದು ನಿಲ್ಲುತ್ತದೆ. ಎಡದಿಂದ ಬೆಳಕು ಬಿಟ್ಟು ಒಂದು ಫೋಟೋ, ಮೇಲಿನಿಂದ ಬಿಟ್ಟು ಇನ್ನೊಂದು. ಎಡದ ಬೆಳಕಿನಲ್ಲಿ ಕಾಣದ ಅಡ್ಡಗೆರೆ ಮೇಲಿನ ಬೆಳಕಿನಲ್ಲಿ ಕಾಣುತ್ತದೆ. ಹಗಲಾದರೆ ಕೊಡೆ ಬಿಚ್ಚಿ ನೆರಳು ಮಾಡಿಕೊಂಡರೆ ಆಯಿತು. ಕಲ್ಲಿಗೆ ಸೀಮೆಸುಣ್ಣ, ಎಣ್ಣೆ, ಹಿಟ್ಟು ಬಳಿಯುವ ಹಳೆಯ ಚಾಳಿಗೆ ಇನ್ನು ನೆಪವೇ ಇಲ್ಲ. ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಕಂಬದಲ್ಲಿ ಕುಬ್ಜ ಕವಿ ಬರೆದ ಕದಂಬರ ಕಥೆ ಸುಮಾರು ಹದಿನೈದು ಶತಮಾನದಿಂದ ನಿಂತಿದೆ. ಅದು ಸಂರಕ್ಷಿತ ಸ್ಮಾರಕ, ಬಳ್ಳಿಗಾವಿಯ ಕೇದಾರೇಶ್ವರವೂ ಹಾಗೆಯೇ. ಹೊತ್ತು ಮುಳುಗಿದ ಮೇಲೆ ಅಲ್ಲಿ ನಿಮ್ಮ ಬ್ಯಾಟರಿಗೆ ಕೆಲಸವಿಲ್ಲ.

ಪಂಪ್‌ಹೌಸಿಗೆ ಪ್ಲಾಸ್ಟಿಕ್ ಅಥವಾ ರಬ್ಬರ್ ಮೈಯ ಬ್ಯಾಟರಿಯನ್ನೇ ಒಯ್ಯಿರಿ. ಈಚೆಗೆ ಎಲ್ಲರೂ ಕೊಳ್ಳುತ್ತಿರುವ ಟೈಪ್-ಸಿ ಚಾರ್ಜಿನ ಚಂದದ ಬ್ಯಾಟರಿಗಳ ಮೈ ಅಲ್ಯೂಮಿನಿಯಮ್ಮಿನದು, ಕರೆಂಟು ಹರಿಯುವ ಲೋಹ. ಒದ್ದೆ ಕೈ, ಬಿಚ್ಚಿದ ಸ್ಟಾರ್ಟರ್ ಪೆಟ್ಟಿಗೆ, ಕಿತ್ತುಹೋದ ವೈರು, ಇವುಗಳ ನಡುವೆ ಅದು ಬೇಡ. ಎರಡೂ ಕೈ ಬೇಕಾದಾಗ ಬ್ಯಾಟರಿಯನ್ನು ಬಾಯಲ್ಲಿ ಕಚ್ಚುವವರು ತಲೆಗೆ ಕಟ್ಟುವುದನ್ನು ಕೊಳ್ಳಲಿ. ಕರೆಂಟು ಹೋದ ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವವರಿಗೂ ಅದೇ ಸರಿ.

ಮಾಡಬಾರದ್ದು

ಅಗ್ಗದ ಲಿಥಿಯಂ ಸೆಲ್ ನಂಬಬಾರದು. 18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಗಾತ್ರದ ಒಳ್ಳೆಯ ಸೆಲ್ಲಿನ ಸಾಮರ್ಥ್ಯ ಸುಮಾರು 3,500 ಎಂಎಎಚ್. ಮೈಮೇಲೆ 9,900 ಎಂದಿದ್ದರೆ ಸುಳ್ಳು, ವಾದವೇ ಬೇಡ. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಪರಿಚಯದ ಚಿನ್ನದಂಗಡಿಯಿದ್ದರೆ ಒಮ್ಮೆ ತಕ್ಕಡಿಗೆ ಹಾಕಿಸಿ. ಐಎಸ್ 16046 ಎಂಬ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿಯೇ ಕೊಳ್ಳಿ.

ಚಾರ್ಜಿಗೆ ಹಾಕಿ ಮಲಗಬಾರದು. ಬೈಕಿನ ಟ್ಯಾಂಕಿನ ಮೇಲೆ ಬಿಸಿಲಿಗೆ ಬಿಡಬಾರದು. ಉಬ್ಬಿದ ಸೆಲ್ಲನ್ನು ಚುಚ್ಚಬಾರದು, ಒಲೆಗೆ ಎಸೆಯಬಾರದು, ಕೆರೆಗಂತೂ ಎಸೆಯಲೇಬಾರದು. ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ ಎರಡು ಕಾಲಿನ ಅಗ್ಗದ ಬ್ಯಾಟರಿಯನ್ನು ಚಾರ್ಜಾಗುತ್ತಿರುವಾಗ ಹೊತ್ತಿಸಬಾರದು, ಬಿಚ್ಚಿ ನೋಡುವುದಂತೂ ಬೇಡವೇ ಬೇಡ. ಅಂಥವುಗಳ ಒಳಗಿನ ತಂತಿಗೂ ಗೋಡೆಯ ಕರೆಂಟಿಗೂ ನಡುವೆ ತಡೆ ಇರುವುದಿಲ್ಲ.

ಹಳೆಯ ಸೆಲ್, ಹೊಸ ಸೆಲ್ ಬೆರೆಸಬಾರದು. ಅಪ್ಪನ ಕಾಲದ ಎವೆರೆಡಿ ಹಿತ್ತಾಳೆ ಬ್ಯಾಟರಿ ನಿಮ್ಮಲ್ಲಿದ್ದರೆ ಸೆಲ್ ತೆಗೆದಿಡಿ. ಸೋರಿದ ಸೆಲ್ ಒಳಗಿನ ಸ್ಪ್ರಿಂಗನ್ನು ತಿಂದುಹಾಕುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಅದು ಸರಿಹೋಗುವುದಿಲ್ಲ.

ಮಂಜಿನಲ್ಲಿ ತಲೆಬ್ಯಾಟರಿ ಹಾಕಿಕೊಂಡು ನಡೆಯಬಾರದು. ಬೆಳಕು ಕಣ್ಣಿನ ನೇರಕ್ಕೇ ಇರುವುದರಿಂದ ಮಂಜು ಬಿಳಿಗೋಡೆಯಾಗಿ ನಿಲ್ಲುತ್ತದೆ. ಕೈಬ್ಯಾಟರಿಯನ್ನು ಸೊಂಟದ ಮಟ್ಟಕ್ಕೆ ಹಿಡಿಯಿರಿ.

ಎದುರು ಬರುವವರ ಮುಖಕ್ಕೆ ಬಿಡಬಾರದು. ಮಿಣುಕು ಹಾಕಿ ಬೈಕಿನವನನ್ನು ಕುರುಡು ಮಾಡುವುದು ಆಟವಲ್ಲ. ಯಕ್ಷಗಾನದ ರಂಗಸ್ಥಳಕ್ಕೆ ಹಿಂದಿನ ಸಾಲಿನಿಂದ ಬೆಳಕು ಬಿಟ್ಟು ವೇಷದ ಬಣ್ಣ ಪರೀಕ್ಷಿಸುವ ಮಹನೀಯರೂ ಇದ್ದಾರೆ. ಅವರ ಬ್ಯಾಟರಿಯನ್ನು ಬೆಳಗಿನ ಜಾವದವರೆಗೆ ಸಂಘಟಕರು ಇಟ್ಟುಕೊಂಡರೆ ನನ್ನ ಬೆಂಬಲವಿದೆ.

ಶಿಕಾರಿಗೆ ಬೆಳಕು ಹಿಡಿಯಬಾರದು. ಮೊಲ, ಹಂದಿ, ಕಡವೆ ಹೊಡೆಯುವುದೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯೇ. ಬೆಳಕು ಹಿಡಿದವನು ಬಂದೂಕು ಹಿಡಿಯಲಿಲ್ಲ ಎನ್ನುವುದು ಉತ್ತರವಾಗದು. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುವ ಮೀನಿಗೆ ಬೆಳಕು ಬಿಟ್ಟು ಕತ್ತಿಯಿಂದ ಕಡಿಯುವವರಿಗೂ ಇದೇ ಮಾತು. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬರುವ ಮೀನನ್ನು ಕಡಿದು, ಕಾರ್ತಿಕದಲ್ಲಿ ಕೆರೆಯಲ್ಲಿ ಮೀನೇ ಇಲ್ಲ ಎನ್ನಬಾರದು.

ಗುಡವಿಯ ಪಕ್ಷಿಧಾಮದಲ್ಲಿ ಗೂಡಿಗೆ ಬೆಳಕು ಬಿಡಬಾರದು. ಮಳೆಗಾಲದಲ್ಲಿ ಅಲ್ಲಿ ಕೆಂಬರಲು, ನೀರುಕಾಗೆ, ಬಕಗಳು ಮರಿ ಮಾಡುತ್ತವೆ. ರಾತ್ರಿ ಗಾಬರಿಯಾಗಿ ತಾಯಿ ಹಾರಿದರೆ ಮರಿ ನೀರಿಗೆ ಬೀಳಬಹುದು. ಮಿಂಚುಹುಳದ ಕಾಲಕ್ಕೂ ಇದೇ ನಿಯಮ: ಆರಿಸಿ, ನಿಂತು ನೋಡಿ.

ಕೊನೆಗೊಂದು ಕೋರಿಕೆ. ಹೊಸದು ಬಂದ ದಿನ ಹಳೆಯದನ್ನು ಡ್ರಾಯರಿನಲ್ಲಿ ಮಲಗಿಸಬೇಡಿ. ಸುಲಿತ ಮುಗಿಸಿ ರಾತ್ರಿ ಕಾಡುದಾರಿಯಲ್ಲಿ ಮನೆಗೆ ನಡೆಯುವ ಹೆಂಗಸರು ನಿಮ್ಮ ಅಂಗಳದಿಂದಲೇ ಹೊರಡುತ್ತಾರೆ. ಅವರಲ್ಲೊಬ್ಬರಿಗೆ ಅದನ್ನು ಕೊಡಿ, ಸೆಲ್ ಹಾಕಿಯೇ ಕೊಡಿ.