ಕಾಂಕ್ರೀಟ್ ಕಣ: ಎಷ್ಟು ಮೂಟೆ, ಎಷ್ಟು ದುಡ್ಡು? ಲೆಕ್ಕ ನೀವೇ ಹಾಕಿ

ಅಡಿಕೆ, ರಾಗಿ, ಕಾಳುಮೆಣಸು ಯಾವುದೇ ಇರಲಿ, ಮಣ್ಣಿನ ಕಣದಲ್ಲಿ ಒಣಗಿಸಿದರೆ ಮಾಲಿನ ಜೊತೆ ಕಲ್ಲು-ಮಣ್ಣೂ ಚೀಲ ಸೇರುತ್ತದೆ, ದರ ಇಳಿಯುತ್ತದೆ. ಅದಕ್ಕೇ ತುಂಬಾ ಜನ ಕಾಂಕ್ರೀಟ್ ಕಣ ಮಾಡಿಸ್ತಾರೆ. ಮೇಸ್ತ್ರಿ ಬಂದು ಜಾಗ ನೋಡಿ, "ನೂರೈವತ್ತು ಮೂಟೆ ತರಿಸಿಬಿಡಿ" ಅಂತಾರೆ. ನೂರೈವತ್ತು ಯಾಕೆ, ನೂರು ಯಾಕೆ ಸಾಲದು ಅಂತ ಕೇಳಬೇಕಾದರೆ ಲೆಕ್ಕ ನಮಗೂ ಗೊತ್ತಿರಬೇಕು. ಒಂದು ಟೇಪು, ಫೋನಿನ ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು.

ಹಂತ 1: ಘನ ಅಡಿ ಲೆಕ್ಕ

ಉದಾಹರಣೆಗೆ 40 ಅಡಿ ಉದ್ದ, 30 ಅಡಿ ಅಗಲ, 4 ಇಂಚು ದಪ್ಪದ ಕಣ ತಗೊಳ್ಳೋಣ.

40 × 30 = 1200 ಚದರ ಅಡಿ
1200 × 4 ÷ 12 = 400 ಘನ ಅಡಿ (ಸಿಎಫ್‌ಟಿ)

ಚೆಲ್ಲುವುದು, ಅಂಟಿಕೊಳ್ಳುವುದು ಅಂತ 5% ಸೇರಿಸಿ: 420 ಘನ ಅಡಿ. ಜಾಗವನ್ನು ಟೇಪಿನಲ್ಲೇ ಅಳೆಯಿರಿ. ಎಕರೆಗಟ್ಟಲೆ ಹೊಲ ಅಳೆಯುವ ಜಿಪಿಎಸ್ ಆ್ಯಪ್ ಇಂಥ ಸಣ್ಣ ಜಾಗಕ್ಕೆ ನಂಬಿಕೆಗೆ ಸಾಲದು, ಕೆಲವು ಅಡಿ ಆಚೀಚೆ ಆಗುತ್ತದೆ.

ಒಣಗಿಸೋಕೆ ಮಾತ್ರ ಆದರೆ 4 ಇಂಚು ಸಾಕು. ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹತ್ತುವುದಾದರೆ 5-6 ಇಂಚು ಬೇಕು. ಇದನ್ನು ಮೊದಲೇ ತೀರ್ಮಾನ ಮಾಡ್ಕೊಳ್ಳಿ.

ಹಂತ 2: ಸಿಮೆಂಟ್, ಮರಳು, ಜಲ್ಲಿ

ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟ್ ಸೇರಿಕೊಳ್ಳುವುದರಿಂದ ಕಲಸಿದಾಗ ಗಾತ್ರ ಕುಗ್ಗುತ್ತದೆ. 100 ಘನ ಅಡಿ ಕಾಂಕ್ರೀಟ್ ಬರಬೇಕಾದರೆ ಒಣ ಸಾಮಾನು ಸುಮಾರು 154 ಘನ ಅಡಿ ಬೇಕು. 1:1.5:3 ಪ್ರಮಾಣದ ಎಂ20 ಮಿಶ್ರಣಕ್ಕೆ ಪ್ರತಿ 100 ಘನ ಅಡಿಗೆ ಈ ಮೂರು ಅಂಕಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ:

- ಸಿಮೆಂಟ್: 23 ಮೂಟೆ (50 ಕೆ.ಜಿ.ಯದು)
- ಎಂ-ಸ್ಯಾಂಡ್: 42 ಘನ ಅಡಿ
- 20 ಎಂಎಂ ಜಲ್ಲಿ: 84 ಘನ ಅಡಿ

ನಮ್ಮ 420 ಘನ ಅಡಿಗೆ ಎಲ್ಲವನ್ನೂ 4.2ರಿಂದ ಗುಣಿಸಿ. ಸಿಮೆಂಟ್ 97 ಮೂಟೆ, ಮರಳು 176, ಜಲ್ಲಿ 353 ಘನ ಅಡಿ. ಹಸಿ ಮರಳು ಉಬ್ಬಿಕೊಂಡಿರುತ್ತದೆ, ಅಳತೆಯಲ್ಲಿ ಜಾಸ್ತಿ ಕಾಣುತ್ತದೆ. ಹಾಗಾಗಿ ಮರಳು ಸ್ವಲ್ಪ ಹೆಚ್ಚೇ ಹೇಳಿ.

ಲೋಡ್ ಬಂದಾಗ ಟ್ರೇಲರಿನ ಒಳ ಅಳತೆ ಹಿಡಿಯಿರಿ. 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ ತುಂಬಿದ್ದರೆ 90 ಘನ ಅಡಿ. "ನೂರು ಇದೆ ಸಾರ್" ಅಂದರೂ ಅದು ತೊಂಬತ್ತೇ.

ಹಂತ 3: ದುಡ್ಡು

ಕೆಳಗಿನ ದರಗಳು ಲೆಕ್ಕ ತೋರಿಸೋಕೆ ಹಿಡಿದವು. ನಿಮ್ಮೂರಿನ ದರ ಹಾಕಿ ನೋಡಿ.

- ಸಿಮೆಂಟ್: 97 × ₹400 = ₹38,800
- ಎಂ-ಸ್ಯಾಂಡ್: 176 × ₹60 = ₹10,560
- ಜಲ್ಲಿ: 353 × ₹40 = ₹14,120
- ಕೂಲಿ, ಮಿಕ್ಸರ್ ಸೇರಿ: 1200 ಚದರ ಅಡಿ × ₹20 = ₹24,000

ಒಟ್ಟು ₹87,480. ಅಡಿಗೆ ಹಾಕುವ ಗ್ರಾವೆಲ್, ಪ್ಲಾಸ್ಟಿಕ್ ಹಾಳೆ, ಅಂಚಿನ ಹಲಗೆಯ ಖರ್ಚು ಬೇರೆ. ಗ್ರಾವೆಲ್ ದಿಮ್ಮಸು ಹೊಡೆದಾಗ ಕುಗ್ಗುತ್ತದೆ. ಲೆಕ್ಕಕ್ಕಿಂತ ಕಾಲು ಭಾಗ ಜಾಸ್ತಿ ತರಿಸಿ.

ರೆಡಿಮಿಕ್ಸ್ ತರಿಸುವವರು ಘನ ಮೀಟರ್‌ನಲ್ಲಿ ದರ ಕೇಳಬೇಕು. 35.3 ಘನ ಅಡಿ ಅಂದರೆ ಒಂದು ಘನ ಮೀಟರ್. ನಮ್ಮದಕ್ಕೆ ಸುಮಾರು 12 ಬೇಕಾಗುತ್ತದೆ. ಲಾರಿ ತೋಟದೊಳಗೆ ಬರುವಷ್ಟು ದಾರಿ ಇದೆಯಾ ಅನ್ನೋದನ್ನ ಆರ್ಡರ್ ಕೊಡುವ ಮುಂಚೆ ನೋಡಿ.

ದುಡ್ಡು ಸೋರುವ ಜಾಗ: ದಪ್ಪ

ಉದ್ದ-ಅಗಲದಲ್ಲಿ ಯಾರೂ ತಪ್ಪುವುದಿಲ್ಲ. ತಪ್ಪುವುದು ದಪ್ಪದಲ್ಲಿ. ನೆಲ ಸರಾಸರಿ ಒಂದೇ ಒಂದು ಇಂಚು ತಗ್ಗಿದ್ದರೂ 4 ಇಂಚು 5 ಆಗುತ್ತದೆ. 5% ಸೇರಿಸಿ ನೋಡಿದರೆ 420 ಇದ್ದದ್ದು 525 ಘನ ಅಡಿ. ಮೂಟೆ 97ರಿಂದ 121ಕ್ಕೆ ಏರುತ್ತದೆ. ಮೇಲಿನ ದರದಲ್ಲಿ ಸಾಮಾನಿಗೇ ಸುಮಾರು ₹15,800 ಹೆಚ್ಚು.

ಮಳೆನೀರು ಹರಿಯಲು ಇಳಿಜಾರು ಬೇಕೇ ಬೇಕು. 100 ಅಡಿಗೆ 1 ಅಡಿ ಅಂದರೆ ನಮ್ಮ 30 ಅಡಿ ಅಗಲಕ್ಕೆ ಸುಮಾರು ಮೂರೂವರೆ ಇಂಚು. ಈ ಇಳಿಜಾರನ್ನು ನೆಲದಲ್ಲೇ ಮಾಡಿ. ನೆಲ ಸಮ ಇಟ್ಟು, ಮೇಲ್ಭಾಗದಲ್ಲಿ ಕಾಂಕ್ರೀಟ್ ಏರಿಸಿ ಇಳಿಜಾರು ಕೊಟ್ಟರೆ ಸರಾಸರಿ ಒಂದೂ ಮುಕ್ಕಾಲು ಇಂಚು ಸುಮ್ಮನೆ ಹೆಚ್ಚಾಗುತ್ತದೆ. ಅಂದರೆ ನಲವತ್ತಕ್ಕೂ ಹೆಚ್ಚು ಮೂಟೆ! ಮೇಸ್ತ್ರಿಯ ನೂರೈವತ್ತು ಬಹುಶಃ ಇಲ್ಲಿಂದಲೇ ಬಂದಿರಬಹುದು.

ಹಾಗಾಗಿ ಸಿಮೆಂಟ್ ತರಿಸುವ ಮೊದಲು ಹೀಗೆ ಮಾಡಿ. ನೆಲಕ್ಕೆ ದಿಮ್ಮಸು ಹೊಡೆಸಿ, ನಾಲ್ಕೂ ಮೂಲೆಗೆ ಗೂಟ ನೆಟ್ಟು, ಟ್ಯೂಬ್ ಲೆವೆಲ್ ಹಿಡಿದು, ಕಾಂಕ್ರೀಟಿನ ಮೇಲ್ಮಟ್ಟಕ್ಕೆ ದಾರ ಕಟ್ಟಿ. ದಾರದಿಂದ ನೆಲಕ್ಕೆ ಹನ್ನೆರಡು ಕಡೆ ಅಳೆದು, ಎಲ್ಲ ಕೂಡಿಸಿ 12ರಿಂದ ಭಾಗಿಸಿ. ಬಂದ ಸರಾಸರಿಯೇ ನಿಮ್ಮ ನಿಜವಾದ ದಪ್ಪ. ನಾಲ್ಕಕ್ಕಿಂತ ಜಾಸ್ತಿ ಬಂದರೆ ತಗ್ಗಿಗೆ ಗ್ರಾವೆಲ್ ತುಂಬಿಸಿ, ಮತ್ತೆ ಗಟ್ಟಿ ಮಾಡಿಸಿ. ಗ್ರಾವೆಲ್ ಕಾಂಕ್ರೀಟಿಗಿಂತ ಯಾವತ್ತೂ ಅಗ್ಗ. ಕಡಿಮೆ ಬಂದ ಕಡೆ ಕೆರೆಸಿ, ಇಲ್ಲದಿದ್ದರೆ ತೆಳುವಾದ ಜಾಗ ಮೊದಲು ಒಡೆಯುತ್ತದೆ.

ಉಳಿಸಬಾರದ ಖರ್ಚು

ಮೂಟೆ ಕಡಿಮೆ ಹಾಕಿ ಉಳಿಸೋಕೆ ಹೋಗಬೇಡಿ. ನೀರು ಜಾಸ್ತಿ ಸುರಿಸೋಕೂ ಬಿಡಬೇಡಿ. ಮೂಟೆಗೆ 25 ಲೀಟರ್ ಆಸುಪಾಸು ಸಾಕು, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಪ್ರತಿ 10 ಅಡಿಗೆ ಒಂದು ಇಂಚು ಆಳದ ಜಾಯಿಂಟ್ ಕೊಡಿಸಿ. 40 × 30 ಕಣದಲ್ಲಿ ಸರಿಯಾಗಿ 12 ಚೌಕ ಬರುತ್ತವೆ. ಬಿರುಕು ಬಿಟ್ಟರೂ ಆ ಗೆರೆಯಲ್ಲೇ ಬಿಡುತ್ತದೆ. ಒಂದೇ ದಿನದಲ್ಲಿ ಮುಗಿಯದಿದ್ದರೆ ಕೆಲಸವನ್ನು ಜಾಯಿಂಟಿನಲ್ಲೇ ನಿಲ್ಲಿಸಿ. ಪಿಪಿಸಿ ಸಿಮೆಂಟ್ ಆದರೆ ಕನಿಷ್ಠ 10 ದಿನ, ಬಿರುಬಿಸಿಲಿನಲ್ಲಿ 14 ದಿನ ಕಣ ಒಣಗದಂತೆ ನೀರು ಕಟ್ಟಿ. ಟ್ರ್ಯಾಕ್ಟರ್ ಹತ್ತಿಸೋದು 28 ದಿನ ಕಳೆದ ಮೇಲೆ.

ಈ ವಾರ ನಿಮ್ಮ ಕಣದ ಜಾಗಕ್ಕೆ ದಾರ ಕಟ್ಟಿ, ಹನ್ನೆರಡು ಅಳತೆ ಬರೆದುಕೊಳ್ಳಿ. ಆಮೇಲೆ ಮೇಸ್ತ್ರಿಗೆ ಫೋನ್ ಮಾಡಿ.