ಸಾಲ ಒಂದೇ ಸಾಲದು

ಬೆಳಗಿನ ಜಾವ. ಮಂಗಳೂರಿನ ಧಕ್ಕೆ. ಬೋಟುಗಳು ಬಂದಿವೆ. ಮೀನಿನ ಏಲಂ ನಡೆದಿದೆ. ಬುಟ್ಟಿ ಹಿಡಿದು ನಿಂತವರು ಯಾರು? ನಾವು ಹೆಂಗಸರು. ಕೈಯಲ್ಲಿ ದುಡ್ಡಿದ್ದರೆ ಮೀನು. ಮೀನಿದ್ದರೆ ಕೆಲಸ. ದುಡ್ಡಿಲ್ಲದ ದಿನ ಎಂತ ಮಾಡುವುದು?

ಬಡ್ಡಿಯವನ ಹತ್ತಿರ ಹೋಗುತ್ತೇವೆ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ. ಐದೇ ರೂಪಾಯಿ ಅಲ್ವಾ ಅನ್ನಿಸುತ್ತದೆ. ವರ್ಷಕ್ಕೆ ಎಷ್ಟಾಯಿತು? 60 ರೂಪಾಯಿ! ದುಡಿದವರು ನಾವು, ಉಂಡವನು ಅವನು.

ಈ ಕಷ್ಟಕ್ಕೆ ಸಂಘ ಒಂದು ದಾರಿ. 1992ರಲ್ಲಿ ನಬಾರ್ಡ್ ಸಂಸ್ಥೆ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರುಮಾಡಿತು. 2000-01ರಲ್ಲಿ ಕರ್ನಾಟಕ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂತು. ನಮ್ಮ ಜಿಲ್ಲೆಯಲ್ಲಿ ನವೋದಯ ಸಂಘಗಳೂ ಬೆಳೆದವು. ವಾರ ವಾರ ಉಳಿಸಿದೆವು. ಕಡಿಮೆ ಬಡ್ಡಿಗೆ ಸಾಲ ಪಡೆದೆವು.

ಸಾಲ ಬಂತು. ಕೆಲಸ ಬಂತೇ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಒಟ್ಟು 61 ದಿನ. ಅದು ಮೀನು ಮೊಟ್ಟೆ ಇಡುವ ಕಾಲ. ಧಕ್ಕೆ ಖಾಲಿ, ಬುಟ್ಟಿಯೂ ಖಾಲಿ. ಆದರೆ ಕಂತಿಗೆ ರಜೆ ಉಂಟೇ? ಇಲ್ಲ. ಆಗ ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತೇವೆ. ಅಲ್ಲೇ ನಾವು ಸೋಲುವುದು.

ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ಕಿರುಸಾಲದ ಬಗ್ಗೆ ದೊಡ್ಡ ಅಧ್ಯಯನ ನಡೆಯಿತು. ಮೊದಲೇ ವ್ಯಾಪಾರ ಇದ್ದ ಕೆಲವರು ಅದನ್ನು ಬೆಳೆಸಿದರು. ಆದರೆ ಹೆಚ್ಚಿನ ಮನೆಗಳ ಬಡತನ ಸಾಲದಿಂದ ನೀಗಲಿಲ್ಲ. ತೀರಾ ಬಡವರ ಮನೆಯಲ್ಲಿ ಸಾಲದ ಹಣ ಅಕ್ಕಿಗೆ, ಮದ್ದಿಗೆ ಹೋಗುತ್ತದೆ. ತಪ್ಪು ಅವರದಲ್ಲ. ಹಸಿವು ಕಾಯುವುದಿಲ್ಲ.

ಪಶ್ಚಿಮ ಬಂಗಾಳದಲ್ಲಿ ಬೇರೆ ದಾರಿ ಹಿಡಿದರು. ಕಡುಬಡ ಹೆಂಗಸರಿಗೆ ಸಾಲ ಕೊಡಲಿಲ್ಲ. ದನ, ಆಡು ಕೊಟ್ಟರು. ಸಾಕುವುದನ್ನು ಕಲಿಸಿದರು. ಆರಂಭದ ಕೆಲವು ತಿಂಗಳು ಊಟದ ಖರ್ಚಿಗೂ ಸ್ವಲ್ಪ ಕೊಟ್ಟರು. ಅವರ ಆದಾಯ ಏರಿತು. ವರ್ಷಗಳ ನಂತರವೂ ಅದು ಉಳಿಯಿತು.

ಹಾಗಾದರೆ ನಾವು ಏನು ಮಾಡೋಣ? ಸಾಲಕ್ಕೆ ಮೊದಲು ಕೆಲಸ ಗೊತ್ತು ಮಾಡೋಣ. ಎಪ್ರಿಲ್, ಮೇ ಬಿಸಿಲಿಗೆ ಮೀನು ಒಣಗಿಸಿಟ್ಟರೆ ಮಳೆಗಾಲದಲ್ಲಿ ಒಣಮೀನು ಮಾರಬಹುದು. ಅದಕ್ಕೆ ಸಾಲ ಮಾಡಿದರೆ ಕಂತು ಕೆಲಸದಿಂದಲೇ ಹುಟ್ಟುತ್ತದೆ.

ಕಾಗದ ಓದದೆ ಸಹಿ ಹಾಕುವುದು ಬೇಡ. ಓದಲು ಕಲಿತದ್ದು ಇದಕ್ಕೇ. ಕಂತು ತಪ್ಪಿತೆಂದು ಮನೆಗೆ ಬಂದು ಬೆದರಿಸಿದರೆ ಹೆದರುವುದು ಬೇಡ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಅಂಥ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. ಸಂಘದವರೆಲ್ಲ ಸೇರಿ ಪೊಲೀಸ್ ಠಾಣೆಗೆ ದೂರು ಕೊಡೋಣ.

ಲೆಕ್ಕ ಮಾಡೋಣ

1. ವಾರದ ಕಂತು 250 ರೂಪಾಯಿ. ಬೋಟು ನಿಂತಾಗ 9 ಕಂತು ಕಟ್ಟಬೇಕು. ಒಟ್ಟು ಎಷ್ಟು?
2. ಬೋಟು ನಿಲ್ಲುವ ಮೊದಲೇ ವಾರಕ್ಕೆ 75 ರೂಪಾಯಿಯಂತೆ 30 ವಾರ ಉಳಿಸಿದರೆ ಎಷ್ಟು?
3. ಎರಡೂ ಸಮ ಬಂತೇ?

ಮಾತಾಡೋಣ

ನಮ್ಮ ಮನೆಯಲ್ಲಿ ಕೆಲಸ ಇಲ್ಲದ ತಿಂಗಳು ಯಾವುದು? ಆಗ ಕಂತು ಎಲ್ಲಿಂದ ಬರುತ್ತದೆ?